ರೆನಾಟೆಯ ತಲೆಗೆ ಗಾವಡಗೆರೆಯ ಎಣ್ಣೆ

೧೯೯೧ರಲ್ಲಿ, ಏಳನೇ ತರಗತಿಯ ಅರ್ಧ ವರ್ಷಕ್ಕೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಕೆಲಸವಿತ್ತು. ಲೆಕ್ಕದ ಮೇಷ್ಟ್ರ ಬೆತ್ತಕ್ಕಿಂತ ಬ್ಯಾರನ್ನಿನ ಬೆಂಕಿ ಮೆದು ಅನ್ನಿಸಿತು. ಬ್ಯಾರನ್ ಎಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಸೊಪ್ಪು ಒಣಗಿಸುವ ಎತ್ತರದ ಕೋಣೆ. ಕೆಳಗೆ ಕೊಳವೆಯಲ್ಲಿ ಬಿಸಿ ಹರಿಯುತ್ತದೆ, ಮೇಲೆ ಸಾಲುಸಾಲಾಗಿ ಎಲೆ ತೂಗುತ್ತದೆ. ಹನ್ನೆರಡು ವರ್ಷ ಅದನ್ನೇ ಮಾಡಿದೆ. ಮದುವೆಯಾದ ಮೇಲೆ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿದ್ದ ಅತ್ತೆಯಿಂದ ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದನ್ನು ಕಲಿತೆ. ಕೊಬ್ಬರಿ ಎಣ್ಣೆ, ಅದರೊಳಗೆ ಹದಿನಾಲ್ಕು ಸೊಪ್ಪು, ಒಂದು ದಿನದ ಸಣ್ಣ ಉರಿ. ಗಾವಡಗೆರೆಯಿಂದ ಸ್ವಲ್ಪ ಮುಂದೆ ರಸ್ತೆ ಬದಿಗೇ ನಮ್ಮ ಅಂಗಡಿ. ನಾನು ಎಣ್ಣೆ ಕಾಯಿಸುತ್ತೇನೆ, ನನ್ನ ಹೆಂಡತಿ ಕೆಂಪಮ್ಮ ತಲೆ ಒತ್ತುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಾಟಲೂ ವಾಪಸ್ಸು ಬಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೋಗಲಿ, ಜಂಬಕ್ಕೇ ಅಂದುಕೊಳ್ಳಿ.

ಹೋದ ವರ್ಷ ರೆನಾಟೆ ಎಂಬ ಜರ್ಮನಿಯ ಹೆಂಗಸು ಆನೆ ನೋಡಲು ಬಂದಿದ್ದರು. ಅವರ ಕಾರಿನ ಡ್ರೈವರ್ ನಮ್ಮ ಕಡೆಯವನು. ಮನೆಗೆ ಹೋಗಿ ಮುದ್ದೆ ಉಂಡು ಬರುವ ಆಸೆಗೆ ಕಾರನ್ನು ಈ ಕಡೆ ತಿರುಗಿಸಿ, ಆಕೆಯನ್ನು ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಹೋದ. ಕೆಂಪಮ್ಮ ಎಣ್ಣೆ ಮುಟ್ಟದೆ, ಬರೀ ಬೆರಳಲ್ಲಿ ತಲೆ ಒತ್ತಿದಳು. ಆಕೆ ಕೂತಲ್ಲೇ ಗೊರಕೆ ಹೊಡೆದರು. ಎದ್ದು ಒಂದು ಬಾಟಲ್ ಕೊಂಡು ಕೈಚೀಲದಲ್ಲಿ ಇಟ್ಟುಕೊಂಡರು. ಅದನ್ನು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರಂತೆ. ಎರಡು ತಿಂಗಳಿಗೆ ಡ್ರೈವರನ ಫೋನಿಗೆ ಸುದ್ದಿ ಬಂತು. ರೆನಾಟೆಯವರದು ತಲೆಗೂದಲ ಸಿಂಗಾರದ ಅಂಗಡಿ. ಜನವರಿಯಲ್ಲಿ ಹತ್ತು ದಿನ ನಾವಿಬ್ಬರೂ ಅಲ್ಲಿಗೆ ಬಂದು ನಮ್ಮ ಕೆಲಸ ತೋರಿಸಬೇಕು. ಬಾಟಲನ್ನು ಬಿಡದಿದ್ದರೆ ಬಾಟಲ್ ಮಾಡುವವರೇ ಬರಲಿ ಎಂದಿದ್ದರು.

ಬೈಲಕುಪ್ಪೆಯ ಜಾಕೆಟ್ಟು

ಚಳಿಗೆಂದು ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿನಲ್ಲಿ ಎರಡು ದಪ್ಪ ಜಾಕೆಟ್ ಕೊಂಡೆವು. ಬರುವಾಗ ಕಂಪಲಾಪುರದಲ್ಲಿ ಬಸ್ಸಿಗೆ ಕಾಯುತ್ತಾ, ನಡುಮಧ್ಯಾಹ್ನದ ಬಿಸಿಲಲ್ಲಿ, ಕೆಂಪಮ್ಮ ತನ್ನದನ್ನು ತೊಟ್ಟೇಬಿಟ್ಟಳು. ಪರಿಚಯದ ಟೀ ಅಂಗಡಿಯವನು ಅಲ್ಲಿಂದಲೇ ಕೂಗಿದ.

"ಏನ್ ಕೆಂಪಕ್ಕಾ, ಕರಡಿ ಯೇಸ ಕಟ್ಟಿದ್ದೀಯಲ್ಲ, ಎಲ್ಲಿ ಕುಣ್ತ?"

"ಜರ್ಮನಿಗೆ ಓಯ್ತಿವ್ನಿ ಕಣ್ಲಾ. ನೀನು ಇಲ್ಲೇ ಬನ್ನು ಮಾರ್ಕೊಂಡು ಬಿದ್ದಿರು."

ವಿಮಾನದಲ್ಲಿ ತಲೆ ಆನಿಸುವ ಜಾಗಕ್ಕೆ ಬಿಳಿಯ ಬಟ್ಟೆ ಹಾಕಿರುತ್ತಾರೆ. ಕೆಂಪಮ್ಮ ಹೊರಡುವ ದಿನ ಮಂಗಳಕರವಾಗಲೆಂದು ನೆತ್ತಿ ತುಂಬ ಎಣ್ಣೆ ಇಟ್ಟುಕೊಂಡಿದ್ದಳು. ಇಳಿಯುವಾಗ ನೋಡಿದರೆ ಆ ಬಟ್ಟೆಯ ಮೇಲೆ ಒಂದು ದುಂಡನೆಯ ಹಸಿರು ಗುರುತು, ಬಾಳೆ ಎಲೆ ಒತ್ತಿಟ್ಟಂತೆ. ನಾನು ಅದನ್ನು ಮಡಿಚಿ ಒಳಮುಖ ಮಾಡಿ ಇಳಿದೆ. ಕಣ್ಣೆದುರಿಗೇ ಇದ್ದ ಪಾಠವನ್ನು ಹಾಗೆ ಮಡಿಚಿಟ್ಟು ಬಂದವನು ನಾನು.

ಇಳಿದ ದಿನ

ಬಾಗಿಲು ದಾಟಿದ್ದೇ ತಡ, ಚಳಿ ಮೂಗಿನೊಳಕ್ಕೆ ಬೆರಳು ಹಾಕಿದಂತಾಯಿತು. ನಮ್ಮ ಧನುರ್ಮಾಸದ ಚಳಿ ಕಂಬಳಿ ಹೊದ್ದರೆ ಹೋಗುತ್ತದೆ. ಇದು ಕಂಬಳಿಯೊಳಗೂ ಜೊತೆಗೆ ಮಲಗುವ ಚಳಿ. ಬಾಯಿಬಿಟ್ಟರೆ ಹೊಗೆ. "ನೀವು ಬೀಡಿ ಬುಟ್ಟು ಆರ್ ವರ್ಸ ಆಯ್ತು ಅಂತಿದ್ರಲ್ಲ, ಇದೇನಿದು?" ಎಂದಳು ಕೆಂಪಮ್ಮ, ತಾನೂ ಬುಸುಬುಸು ಹೊಗೆ ಬಿಡುತ್ತಾ.

ನಮ್ಮನ್ನು ಕರೆದೊಯ್ಯಲು ರೆನಾಟೆಯ ಜೊತೆ, ಮಾತು ತಿಳಿಸಲೆಂದು, ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಶೈನಿ ಎಂಬ ನರ್ಸ್ ಬಂದಿದ್ದಳು. ಅವಳು ವಯನಾಡಿನವಳು, ಬಾವಲಿ ಗಡಿಯ ಆಚೆಯ ಊರು. ಮೈಸೂರಿನಲ್ಲಿ ನರ್ಸಿಂಗ್ ಓದಿದ್ದರಿಂದ ಕನ್ನಡ ಬರುತ್ತಿತ್ತು. ನನ್ನನ್ನು ಚೇಟ್ಟಾ ಎಂದು, ಕೆಂಪಮ್ಮನನ್ನು ಚೇಚಿ ಎಂದು ಕರೆದಳು; ಅಣ್ಣ, ಅಕ್ಕ ಎಂದ ಹಾಗೆ. ಕೋಟೆಯಿಂದ ಬಾವಲಿಗೆ ಬಸ್ಸಿನಲ್ಲಿ ಹೋದರೆ ಸಿಗುವ ಹುಡುಗಿ ಇಷ್ಟು ದೂರ ಹಾರಿದ ಮೇಲೆ ಸಿಕ್ಕಳು.

ಬೀದಿ ದಾಟುವಲ್ಲಿ ಮನುಷ್ಯನ ಗೊಂಬೆಯ ಕೆಂಪು ದೀಪ ಹೊತ್ತಿತ್ತು. ಆ ಕಡೆ ಈ ಕಡೆ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಆರು ಜನ ಹಿಮದಲ್ಲಿ ನಡುಗುತ್ತಾ ನಿಂತೇ ಇದ್ದರು. ಕೆಂಪಮ್ಮ ದಾಟಲು ಕಾಲಿಟ್ಟಳು. ಒಬ್ಬ ಅಜ್ಜ ಕೆಮ್ಮಿದ, ಅಷ್ಟೆ. ಅವಳು ಕಾಲು ಹಿಂದಕ್ಕೆ ತೆಗೆದಳು. ಹುಣಸೂರು ಬಸ್‌ಸ್ಟ್ಯಾಂಡಿನ ಮುಂದೆ ಲಾರಿಯನ್ನೇ ಕೈ ತೋರಿಸಿ ನಿಲ್ಲಿಸುವವಳು ಒಂದು ಕೆಮ್ಮಿಗೆ ನಿಂತದ್ದನ್ನು ನಾನು ಅವತ್ತೇ ಕಂಡದ್ದು.

ರೆನಾಟೆಯ ಮನೆಗೆ ಹೋಗಿ, ಕೈಚೀಲ ಬಿಟ್ಟು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ತಂದಿದ್ದ ಬಾಟಲ್ ಬಿಚ್ಚಿದರೆ ಎಣ್ಣೆ ಕಲ್ಲಾಗಿತ್ತು. ನಮ್ಮಲ್ಲೂ ಚಳಿಗೆ ಗಟ್ಟಿಯಾಗುತ್ತದೆ, ಕಡ್ಡಿ ಹಾಕಿ ಕೆದಕಿದರೆ ಬರುತ್ತದೆ. ಇದಕ್ಕೆ ಕಡ್ಡಿಯೇ ಮುರಿಯಿತು.

ರೆನಾಟೆಯ ಅಂಗಡಿ

ರೆನಾಟೆಯ ಕೂದಲು ಹೊಂಬಣ್ಣ. ದೂರದಿಂದ ನೋಡಿದರೆ ಕೆ.ಆರ್. ನಗರದ ಗದ್ದೆಯಲ್ಲಿ ಕುಯ್ಲಿಗೆ ಬಂದ ಭತ್ತ. ಹತ್ತಿರ ಹೋಗಿ ಮುಟ್ಟಿದರೆ, ಬಡಿದು ಒಟ್ಟಿದ ಹುಲ್ಲು. ಹುಟ್ಟಿದ ಬಣ್ಣ ಅದಲ್ಲವಂತೆ. ಮೊದಲು ಔಷಧಿ ಹಾಕಿ ಇದ್ದ ಬಣ್ಣವನ್ನು ತೆಗೆದು, ಆಮೇಲೆ ಈ ಬಣ್ಣ ಕೂರಿಸುತ್ತಾರೆ. ಅದು ಕೂದಲಿನ ಸಿಪ್ಪೆಯನ್ನು ತೆರೆದಿಡುತ್ತದೆ. ಚಳಿಗಾಲದಲ್ಲಿ ತುದಿಗಳು ಪುಡಿಪುಡಿಯಾಗಿ ಉದುರುತ್ತವೆ.

ಆಕೆ ಆ ಅಂಗಡಿಯನ್ನು ಹೊಸದಾಗಿ ವಹಿಸಿಕೊಂಡಿದ್ದರು. ಹಿಂದಿನ ಒಡತಿಯ ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬರುವುದನ್ನು ಬಿಟ್ಟಿದ್ದರು. ಯಾಕೆಂದು ಆಕೆಗೆ ಗೊತ್ತಿತ್ತು. ಶೈನಿಯ ಬಾಯಲ್ಲಿ ನಮಗೆ ಹೇಳಿಸಿದರು: "ಕನ್ನಡಿಯಲ್ಲಿ ಅವರು ತಮ್ಮ ತಲೆ ನೋಡ್ಕೊಳ್ಳೋದಿಲ್ಲ ಚೇಟ್ಟಾ, ಹಿಂದೆ ನಿಂತಿರೋ ನನ್ನ ತಲೆ ನೋಡ್ತಾರೆ. ಇವಳ ಕೂದಲೇ ಹೀಗಾದರೆ ನಮ್ಮದನ್ನೇನು ಮಾಡ್ತಾಳೆ ಅಂತ."

ಕೆಂಪಮ್ಮನಿಗೆ ಥಟ್ಟನೆ ಅರ್ಥವಾಯಿತು. "ದಿಟವೇ ಕಣವ್ವ. ಅಡ್ಗೆಯೋನೇ ಒಣಗ್ಕಂಡಿದ್ರೆ ಆ ಓಟ್ಲಿಗೆ ಯಾರ್ ಓಯ್ತಾರೆ?"

ಶನಿವಾರ ಸುತ್ತಮುತ್ತಲಿನ ಹೆಂಗಸರನ್ನು ರೆನಾಟೆ ಅಂಗಡಿಗೆ ಕರೆದಿದ್ದರು. ಬಾಗಿಲಲ್ಲಿ ನಮ್ಮಿಬ್ಬರ ಫೋಟೋ ದೊಡ್ಡದಾಗಿ ಅಂಟಿಸಿತ್ತು. ಆ ದಿನ ಅವರೆಲ್ಲ ಮೆಚ್ಚಿದರೆ ಅಂಗಡಿ ಉಳಿಯುತ್ತದೆ. ಇಲ್ಲವಾದರೆ ಬೇಸಿಗೆಗೆ ಬಾಗಿಲು ಹಾಕಿ ಮತ್ತೆ ಇನ್ನೊಬ್ಬರ ಬಳಿ ಕೆಲಸಕ್ಕೆ ಹೋಗಬೇಕು. ಇದನ್ನು ಆಕೆ ಅಳುತ್ತಾ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದರು. ಅದಕ್ಕೇ ನನಗೆ ಹೆಚ್ಚು ತಾಕಿತು.

"ಯೋಚ್ನೆ ಮಾಡ್ಬೇಡಿ," ಎಂದೆ ನಾನು. "ಶನಿವಾರದೊಳಗೆ ನಿಮ್ ತಲೇನೇ ಅಂಗ್ಡಿ ಬೋರ್ಡ್ ಮಾಡ್ಬುಡ್ತೀನಿ."

ಬುಧವಾರ

ಸಂಜೆ ಬಾಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದೆ. ಎಣ್ಣೆ ಗಿಣಿಯ ರೆಕ್ಕೆಯ ಹಾಗೆ ಹಸಿರಾಗಿತ್ತು. ನಮ್ಮ ಕಡೆ ಗಿರಾಕಿ ಮೊದಲು ಬಾಟಲನ್ನು ಬಿಸಿಲಿಗೆ ಹಿಡಿದು ನೋಡುವುದೇ ಹಸಿರನ್ನು. ಹಸಿರು ಕಮ್ಮಿಯಾದರೆ ಸೊಪ್ಪು ಕದ್ದಿದ್ದಾನೆ ಎನ್ನುತ್ತಾರೆ. ಹಾಗಾಗಿ ಜರ್ಮನಿಗೆಂದು ನಾನು ಎರಡು ಪಾಲು ಸೊಪ್ಪು ಹಾಕಿದ್ದೆ.

ಕೆಂಪಮ್ಮ ಬಟ್ಟಲನ್ನು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ರೆನಾಟೆಯ ತಲೆ ನೋಡಿದಳು.

"ಅಂಗಲ್ಲ ಕಣ್ರೀ, ಮೊದ್ಲು ಇಂದ್ಗಡೆ ಒಂದ್ ಜುಟ್ಟಿಗೆ ಅಚ್ಚಿ ನೋಡಾನ."

"ಇಪ್ಪತ್ತೆರಡು ವರ್ಸದಿಂದ ಮಾಡ್ತಿವ್ನಿ. ಯಾವ್ ತಲೆಗಾರ ಜುಟ್ಟು ನೋಡಿ ಅಚ್ಚಿದ್ದೀನಾ?"

"ಅವೆಲ್ಲ ಕರೀ ತಲೆ."

"ತಲೆ ತಲೆನೇ ಕಣಮ್ಮಿ, ಸುಮ್ಕಿರು."

ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗಲೆಲ್ಲ ನಾನು ಹೆದರಬೇಕಿತ್ತು. ಅಷ್ಟು ವರ್ಷ ಸಂಸಾರ ಮಾಡಿಯೂ ಆ ಬುದ್ಧಿ ಬಂದಿಲ್ಲ. ಬುಡದಿಂದ ತುದಿಯವರೆಗೆ ಧಾರಾಳವಾಗಿ ಹಚ್ಚಿಸಿದೆ. ನಮ್ಮ ಪದ್ಧತಿಯಂತೆ ಬೆಳಗಿನವರೆಗೆ ಹಾಗೇ ಇರಲಿ ಎಂದು ಟವೆಲ್ ಸುತ್ತಿಸಿದೆ.

ಗುರುವಾರ

ಬೆಳಿಗ್ಗೆ ತಲೆ ತೊಳೆದು ರೆನಾಟೆ ಬಚ್ಚಲಿನಿಂದ ಹೊರಗೆ ಬಂದರು. ತಲೆಯ ತುಂಬ ಹಸಿರು. ಎಳೆ ಭತ್ತದ ಸಸಿಮಡಿಯನ್ನು ಹೊತ್ತು ತಂದ ಹಾಗೆ. ನಾನು ಸಾವಿರಾರು ತಲೆ ನೋಡಿದ್ದೇನೆ, ಇಂಥದನ್ನು ಕಂಡಿರಲಿಲ್ಲ.

ಕೂಗಾಡಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಕಾಫಿ ಮಾಡಿ ನಮಗೂ ಕೊಟ್ಟು, ಶೈನಿಗೆ ಫೋನ್ ಮಾಡಿದರು. ಶೈನಿ ಡ್ಯೂಟಿಗೆ ಹೋಗುವ ಬಟ್ಟೆಯಲ್ಲೇ ಓಡಿ ಬಂದಳು.

"ಅಯ್ಯೋ ಚೇಟ್ಟಾ, ಇದೆಂಥದು!" ಎಂದು ಬಾಯಿ ಮುಚ್ಚಿಕೊಂಡಳು. ಆಮೇಲೆ ರೆನಾಟೆಯ ಮಾತು ಕೇಳಿ ಹೇಳಿದಳು: "ಇದು ಹೋಗ್ತದಾ ಅಂತ ಕೇಳ್ತಿದ್ದಾರೆ. ಶನಿವಾರದೊಳಗೆ."

"ಓಯ್ತದೆ," ಎಂದೆ. ನನಗೆ ಗೊತ್ತಿರಲಿಲ್ಲ.

ಕೆಂಪಮ್ಮ ನನ್ನನ್ನು ಮೂಲೆಗೆ ಕರೆದಳು. "ನಮ್ಮವ್ವನ ಬಿಳೀ ಕೂದ್ಲು ಕಡೆಗಾಲ್ದಲ್ಲಿ ಪಾಚಿ ಪಾಚಿಯಾಗಿತ್ತಲ್ಲ, ಗೆಪ್ತಿ ಐತಾ? ವಯಸ್ಸಿಗೆ ಅಂಗಾಯ್ತದೆ ಅಂತಿದ್ರಿ."

ಅಂದಿದ್ದೆ. ಎಣ್ಣೆ ಕಲಿಸಿದ ಅತ್ತೆಯ ತಲೆಯೇ ಇದನ್ನು ಹೇಳುತ್ತಿತ್ತು. ನಮ್ಮ ಸುತ್ತ ಎಲ್ಲ ಕಪ್ಪು ತಲೆಗಳು. ಕಪ್ಪಿನ ಮೇಲೆ ಎಷ್ಟು ಹಸಿರು ಹಚ್ಚಿದರೂ ಕಪ್ಪು. ಇಪ್ಪತ್ತೆರಡು ವರ್ಷ ನಾನು ಬಣ್ಣ ಹಚ್ಚುತ್ತಿದ್ದೆ, ಕಾಣುವ ತಲೆ ಸಿಕ್ಕಿರಲಿಲ್ಲ ಅಷ್ಟೆ. ಅದರಲ್ಲೂ ಈ ಕೂದಲು ಸಿಪ್ಪೆ ತೆರೆದು ಕೂತಿತ್ತು, ಕೊಟ್ಟದ್ದನ್ನೆಲ್ಲ ಕುಡಿದಿತ್ತು.

ನಿಂಬೆಹುಳಿ, ಸೀಗೆಪುಡಿ ಹಾಕಿ ತಿಕ್ಕೋಣ ಎಂದೆ.

"ಇರೋ ನಾರನ್ನೂ ಕಿತ್ತಾಕೀರಾ?" ಎಂದು ಕೆಂಪಮ್ಮ ತಡೆದಳು. "ಸೊಪ್ಪು ನೀರಿಗೆ ಬಣ್ಣ ಬುಡ್ತೋ, ಎಣ್ಣೆಗೆ ಬುಡ್ತೋ? ಕಡಾಯ್ನ ಒಂದ್ಸಲ ಗ್ಯಾನ ಮಾಡ್ಕಳಿ."

ಕಡಾಯಿ ಕಣ್ಣಿಗೆ ಬಂತು. ಸೊಪ್ಪನ್ನು ಎಷ್ಟು ತೊಳೆದರೂ ನೀರು ಹಸಿರಾಗುವುದಿಲ್ಲ. ಬಿಸಿ ಎಣ್ಣೆಗೆ ಬಿದ್ದ ಗಳಿಗೆಯಲ್ಲಿ ಬಣ್ಣವೆಲ್ಲ ಕೊಡುತ್ತದೆ. ಎಣ್ಣೆಯಲ್ಲಿ ಬಂದದ್ದು ಎಣ್ಣೆಯಲ್ಲೇ ಹೋಗಬೇಕು. ಶೈನಿ ಡ್ಯೂಟಿಗೆ ಹೋದಳು; ನಾವು ಪೇಟೆಗೆ ಹೋಗಿ ಏನೂ ಬೆರೆಸದ ಬರೀ ಕೊಬ್ಬರಿ ಎಣ್ಣೆ ತಂದೆವು. ಸಣ್ಣ ಸಣ್ಣ ಗಾಜಿನ ಭರಣಿ, ಉಪ್ಪಿನಕಾಯಿಯ ಹಾಗೆ. ಉಗುರುಬೆಚ್ಚಗೆ ಮಾಡಿ ಕೆಂಪಮ್ಮ ಎಳೆ ಎಳೆಯಾಗಿ ಹಚ್ಚಿದಳು, ಸ್ವಲ್ಪ ಹೊತ್ತು ಬಿಟ್ಟು ಬಿಳಿಯ ಬಟ್ಟೆಯಲ್ಲಿ ತಿಕ್ಕದೆ ಒತ್ತಿ ತೆಗೆದಳು. ಬಟ್ಟೆ ನೋಡಿದೆವು. ಹಸಿರು!

ನಾವು ಮೂವರೂ ಕೂಗಿದ್ದಕ್ಕೆ ಪಕ್ಕದ ಮನೆಯವರು ಗೋಡೆ ಬಡಿದರು.

ಸಂಜೆಯೊಳಗೆ ನಾಲ್ಕು ಸಲ ಹಾಗೆ ಮಾಡಿದೆವು. ಸಸಿಮಡಿ ಹೋಗಿ ಪಾಚಿಯಾಯಿತು, ಪಾಚಿ ಹೋಗಿ ಮಾಸಲಾಯಿತು. ಆಮೇಲೆ ಹೋಗಲೊಲ್ಲದು. ಆಗ ರೆನಾಟೆ ತನ್ನ ಕಪಾಟು ತೆರೆದರು. ಹಸಿರನ್ನು ಕೆಂಪು ಕೊಲ್ಲುತ್ತದೆ ಎಂದು ಆಕೆಯ ವಿದ್ಯೆ. ತೆಳು ಕೆಂಪಿನ ಒಂದು ಮುಲಾಮನ್ನು ಕಲಸಿ, ಗಡಿಯಾರ ನೋಡುತ್ತಾ ತಾನೇ ಹಚ್ಚಿಕೊಂಡು ತೊಳೆದರು. ಕೂದಲು ಜೇನಿನ ಬಣ್ಣಕ್ಕೆ ಬಂತು. ಕತ್ತಿನ ಹಿಂದೆ ಮಾತ್ರ, ಎಣ್ಣೆ ಇಳಿದು ನಿಂತ ಜಾಗದಲ್ಲಿ, ಕಿರುಬೆರಳ ದಪ್ಪದ ಒಂದು ಜುಟ್ಟು ಹಸಿರಾಗಿಯೇ ಉಳಿಯಿತು.

ಶುಕ್ರವಾರ

ಬಣ್ಣವೇನೋ ಬಂತು, ಒಣಕಲು ಹೋಗಿರಲಿಲ್ಲ. ತೊಳೆದು ತೊಳೆದು ಇನ್ನೂ ಹೆಚ್ಚಾಗಿತ್ತು.

ಅಲ್ಲಿಯವರು ಬೆಳಿಗ್ಗೆ ಎದ್ದ ಕೂಡಲೇ, ಹೊರಗೆ ನೀರು ಕಲ್ಲಾಗಿದ್ದರೂ, ಮನೆಯ ಕಿಟಕಿಗಳನ್ನೆಲ್ಲ ಹತ್ತು ನಿಮಿಷ ಹಾರುಹೊಡೆದು ಇಡುತ್ತಾರೆ. ಕೆಂಪಮ್ಮ ಜಾಕೆಟ್ ತೊಟ್ಟು ಹಾಸಿಗೆಯಲ್ಲೇ ಕೂತು ಬೈಯುತ್ತಿದ್ದಳು: "ಇರೋಬರೋ ಬಿಸೀನೆಲ್ಲ ಬೀದಿಗೆ ಬುಡ್ತಾರಲ್ಲ, ಇವ್ರಿಗೇನ್ ಬಂತು!" ಕಿಟಕಿ ಮುಚ್ಚಿದ ಮೇಲೆ ಗೋಡೆಗೆ ಕೂರಿಸಿದ ಕಬ್ಬಿಣದ ಕೊಳವೆಗಳಲ್ಲಿ ಬಿಸಿ ಹರಿಯುತ್ತದೆ. ರೆನಾಟೆ ಆ ಕೊಳವೆಗೆ ಬೆನ್ನು ಕೊಟ್ಟು ಕೂತು ಒಣಗೂದಲನ್ನು ಬಾಚತೊಡಗಿದರು. ಬಾಚಣಿಗೆ ಎಳೆದಾಗಲೆಲ್ಲ ಚಿಟಚಿಟ ಸದ್ದು, ಹೆಗಲ ಮೇಲೆ ಜೇನುಬಣ್ಣದ ಪುಡಿ.

ಆ ಸದ್ದು ನನಗೆ ಗೊತ್ತಿತ್ತು. ಹನ್ನೆರಡು ವರ್ಷ ಕೇಳಿದ್ದೆ.

"ಬಾಚ್ಬೇಡಿ!" ಎಂದು ಕನ್ನಡದಲ್ಲೇ ಕಿರುಚಿಬಿಟ್ಟೆ. ಆಕೆ ಬಾಚಣಿಗೆಯನ್ನು ಗಾಳಿಯಲ್ಲೇ ಹಿಡಿದು ಕೂತರು.

ಶೈನಿ ಬಂದ ಮೇಲೆ ವಿವರಿಸಿದೆ. ಬ್ಯಾರನ್ನಿನಲ್ಲಿ ಬೆಂದ ಎಲೆ ಹಪ್ಪಳದಂತಿರುತ್ತದೆ. ಆಗ ಯಾರೂ ಕೈ ಹಾಕುವಂತಿಲ್ಲ, ಹಾಕಿದರೆ ಪುಡಿ. ಬೆಂಕಿ ಆರಿಸಿ, ಬಾಗಿಲು ತೆರೆದು, ಮುಂಜಾವಿನ ಇಬ್ಬನಿ ಗಾಳಿಯನ್ನು ಎಲೆಗೆ ಕುಡಿಸಬೇಕು. ಎಲೆ ಮೆತ್ತಗಾಗಿ, ಮಡಿಚಿದರೂ ಮುರಿಯದಂತಾದ ಮೇಲೆ ಇಳಿಸುವುದು. ಅದಕ್ಕೆ ಹದ ಎನ್ನುತ್ತೇವೆ. ಈ ಮನೆಯೇ ಒಂದು ಬ್ಯಾರನ್. ಆಕೆ ತಲೆಯನ್ನು ಆರು ತಿಂಗಳು ಇದರೊಳಗೆ ತೂಗುಹಾಕಿದ್ದಾರೆ. ಕಿಟಕಿ ತೆರೆಯುತ್ತಾರೆ ನಿಜ. ಆದರೆ ಹೊರಗಿನ ಗಾಳಿ ನಮ್ಮ ಇಬ್ಬನಿ ಗಾಳಿಯಲ್ಲ, ನೀರೇ ಇಲ್ಲದ ಗಾಳಿ. ಹದ ಎಲ್ಲಿಂದ ಬರಬೇಕು?

ಶೈನಿ ಇದನ್ನು ಹೇಳುತ್ತಿದ್ದಂತೆ ರೆನಾಟೆಯ ಹುಬ್ಬು ಮೇಲೇರಿತು. ಎದ್ದವರೇ ಅಡುಗೆಮನೆಯ ಬೋಗುಣಿಗಳನ್ನೆಲ್ಲ ತಂದು, ನೀರು ತುಂಬಿ, ಕೊಳವೆಗಳ ಮೇಲೆ ಸಾಲಾಗಿ ಇಟ್ಟರು. ಉರಿ ತಗ್ಗಿಸಿದರು. ನಾವು ಗಿಡಕ್ಕೆ ನೀರು ಚಿಮುಕಿಸುವ ಬಾಟಲಿನಲ್ಲಿ ಕೂದಲಿಗೆ ಮಂಜಿನ ಹಾಗೆ ನೀರು ಹೊಡೆದೆವು. ಹದ ಬಂದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ ಬುಡಕ್ಕೆ ಹೋದೆವು. ಎಣ್ಣೆ ಎರಡೇ ಹನಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ, ತುದಿಗೆ ಮಾತ್ರ. ಬಿಸಿನೀರಿನ ಸ್ನಾನ ತಲೆಗೆ ಬೇಡ, ಬೆಚ್ಚಗಿದ್ದರೆ ಸಾಕು. ದಿನಾ ತೊಳೆಯುವುದೂ ಬೇಡ.

ಇನ್ನೊಬ್ಬ ಕಳ್ಳನನ್ನು ಕೆಂಪಮ್ಮ ಹಿಡಿದಳು. ರೆನಾಟೆಯ ಉಣ್ಣೆಯ ಟೋಪಿಯೊಳಗೆ ಮುರಿದ ಕೂದಲು ಮುತ್ತಿಕೊಂಡಿತ್ತು. "ಕಂಬ್ಳಿ ಮೇಲೆ ರೇಷ್ಮೆ ಎಳ್ದಂಗಾಯ್ತು ಇದು," ಎನ್ನುತ್ತಾ ತನ್ನ ರೇಷ್ಮೆಯ ರವಿಕೆ ಕಣವನ್ನು ತೆಗೆದು, ಆ ಟೋಪಿಗೆ ಒಳಗಿನಿಂದ ಅಸ್ತರಿ ಹೊಲಿದುಕೊಟ್ಟಳು. ಹೊರಗೆ ಬೂದು ಉಣ್ಣೆ, ಒಳಗೆ ಅರಿಶಿನ ಬಣ್ಣದ ಮೈಸೂರು ರೇಷ್ಮೆ. ರೆನಾಟೆ ಅದನ್ನು ಒಳಗೆ ಹೊರಗೆ ಮಾಡಿ, ಅರಿಶಿನವನ್ನೇ ಮೇಲೆ ಮಾಡಿಕೊಂಡು ಅಡುಗೆಮನೆಯ ತುಂಬ ಕುಣಿದಾಡಿದರು.

ಸಂಜೆಯ ಹೊತ್ತಿಗೆ ಬಾಚಣಿಗೆ ಸದ್ದಿಲ್ಲದೆ ಇಳಿಯಿತು. ಆಕೆ ಎರಡು ಸಲ ಬಾಚಿ ನೋಡಿದರು. ಹೆಗಲ ಮೇಲೆ ಪುಡಿ ಇರಲಿಲ್ಲ.

ಶನಿವಾರ

ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಬಂದರು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕೈ ಕಟ್ಟಿ ಕೂತರು. ಯಾರೂ ಮಾತಾಡುವುದಿಲ್ಲ. ನಮ್ಮ ಕಡೆ ಇಷ್ಟು ಹೆಂಗಸರು ಸೇರಿದ್ದರೆ ಮೈಕಿನವನು ಸೋಲುತ್ತಿದ್ದ.

ಮೊದಲೇ ನಾನು ಶೈನಿಗೆ ಹೇಳಿದ್ದೆ: "ಆ ಅಸ್ರು ಜುಟ್ಟ ಒಳೀಕೆ ಸಿಗುಸ್ಕಂಡು ಪಿನ್ ಆಕ್ಕಳಕ್ಕೆ ಯೋಳವ್ವ. ಜನಕ್ಕೆ ಯಾಕ್ ಕಾಣ್ಬೇಕು?" ರೆನಾಟೆ ಕೇಳಿಸಿಕೊಂಡು ತಲೆಯಾಡಿಸಿದ್ದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಆಕೆ ಎಲ್ಲರ ಮುಂದೆ ನಿಂತು ಎರಡು ಮಾತು ಹೇಳಿ, ಬೆನ್ನು ತಿರುಗಿಸಿ, ಎರಡೂ ಕೈಯಿಂದ ಕೂದಲನ್ನು ಎತ್ತಿ ಹಿಡಿದರು. ಕತ್ತಿನ ಮೇಲೆ ಆ ಜುಟ್ಟು, ಹಸಿಮೆಣಸಿನಕಾಯಿಯ ಹಾಗೆ.

ಅವರ ಮುಖಗಳನ್ನು ನೋಡಿದರೆ ಎಲ್ಲರೂ ಎದ್ದು ಕೋಟಿನ ಕಡೆ ಹೋಗುತ್ತಾರೆ ಅನ್ನಿಸಿತು. ನನ್ನ ಜಂಬದ ಎಣ್ಣೆ ಆಕೆಯ ಅನ್ನ ಕಳೆಯಿತು ಎಂದುಕೊಂಡೆ. ಇನ್ನು ಆಕೆಯನ್ನೊಬ್ಬರನ್ನೇ ಅಲ್ಲಿ ನಿಲ್ಲಿಸಬಾರದೆಂದು ಪಕ್ಕಕ್ಕೆ ಹೋಗಿ ನಿಂತೆ.

"ಇದು ಈ ತಾಯಿ ಮಾಡಿದ್ದಲ್ಲ," ಎಂದೆ. "ನಾನ್ ಮಾಡಿದ್ದು. ಇಂಥ ಕೂದ್ಲು ನಾನು ಕಂಡಿರ್ನಿಲ್ಲ. ಕಂಡಿಲ್ಲ ಅಂತ ಒಪ್ಕೊಳ್ದೆ ಅಚ್ಚಿದೆ. ನನ್ ಎಂಡ್ತಿ ಬ್ಯಾಡ ಅಂದ್ಲು, ಕೇಳ್ನಿಲ್ಲ."

ಶೈನಿ ಅದನ್ನು ಹೇಳಿದಳು. ಕೊನೆಯ ಮಾತಿಗೆ ಮುಂದಿನ ಸಾಲಿನ ಒಬ್ಬ ಮುದುಕಿ ಕಿಸಕ್ಕನೆ ನಕ್ಕರು. ಏನೋ ಕೇಳಿದರು.

"ಅವರ ಗಂಡನೂ ಹೀಗೇ ಇದ್ದನಂತೆ ಚೇಟ್ಟಾ," ಎಂದಳು ಶೈನಿ. "ಬಣ್ಣ ತೆಗೆದದ್ದು ಯಾರು ಅಂತ ಕೇಳ್ತಿದ್ದಾರೆ."

ನಾನು ಕೆಂಪಮ್ಮನನ್ನೂ ರೆನಾಟೆಯನ್ನೂ ತೋರಿಸಿದೆ. ಆಗ ರೆನಾಟೆ ಉಳಿದ ಕೂದಲನ್ನು ಬೆನ್ನ ಮೇಲೆ ಹರಡಿದರು. ಜೇನಿನ ಬಣ್ಣ, ಮೆತ್ತಗೆ, ಇಳಿಬಿದ್ದಿತ್ತು. ಮುದುಕಿ ಎದ್ದು ಬಂದು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಉಳಿದವರೂ ಎದ್ದರು, ಕೋಟಿನ ಕಡೆಗಲ್ಲ. ಸುತ್ತ ನಿಂತು ಮುಟ್ಟಿ ಮುಟ್ಟಿ ನೋಡಿದರು. ಒಮ್ಮೆಗೇ ಮಾತು ಶುರುವಾಯಿತು. ಅವರದೂ ಮುರಿಯುತ್ತದೆ, ಅವರ ಟೋಪಿಯೂ ಉಣ್ಣೆ, ಅವರ ಮನೆಯೂ ಬ್ಯಾರನ್. ಅಷ್ಟು ದಿನ ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲವಂತೆ.

ಮುದುಕಿ ಕುರ್ಚಿಯಲ್ಲಿ ಕೂತು ತನ್ನ ಬಿಳಿಯ ತಲೆ ತೋರಿಸಿದರು. ಕೆಂಪಮ್ಮ ಭರಣಿಯ ಬಿಳಿ ಎಣ್ಣೆ ತೆಗೆದಳು. ಆಕೆ ತಡೆದು, ಮೇಜಿನ ಮೇಲಿದ್ದ ನನ್ನ ಹಸಿರು ಬಾಟಲಿನ ಕಡೆ ಬೆರಳು ಮಾಡಿದರು.

"ಬೇಸಿಗೆವರೆಗೆ ಮರದಲ್ಲಿ ಹಸಿರು ಕಾಣೋದಿಲ್ಲ, ನನ್ನ ತಲೆಯಲ್ಲಾದರೂ ಇರಲಿ ಅಂತಾರೆ," ಎಂದಳು ಶೈನಿ.

"ಒಂದ್ ಜುಟ್ಟಿಗೆ ಮಾತ್ರ ಅಚ್ತೀನಿ ಅಂತ ಯೋಳವ್ವ," ಎಂದು ಕೆಂಪಮ್ಮ ನನ್ನ ಕಡೆ ನೋಡಿದಳು. ನಾನು ಬಾಟಲಿನ ಮುಚ್ಚಳ ತೆಗೆದುಕೊಟ್ಟೆ.

ಅವತ್ತು ಕೆಂಪಮ್ಮ ಹನ್ನೊಂದು ತಲೆ ಒತ್ತಿದಳು. ನಾಲ್ವರು ಕುರ್ಚಿಯಲ್ಲೇ ನಿದ್ದೆ ಹೋದರು. ಹೊರಡುವಾಗ ಒಬ್ಬೊಬ್ಬರೇ ರೆನಾಟೆಯ ಮೇಜಿನ ಬಳಿ ನಿಂತು ದಿನ ಗೊತ್ತುಮಾಡಿಕೊಂಡರು. ಬಾಗಿಲು ಹಾಕಿದ ಮೇಲೆ ಆಕೆ ಆ ಪುಸ್ತಕದ ಹಾಳೆ ತಿರುಗಿಸಿ ತಿರುಗಿಸಿ ತೋರಿಸಿದರು. ಮಾರ್ಚ್ ಕೊನೆಯವರೆಗೆ ಖಾಲಿ ವಾರವಿರಲಿಲ್ಲ. ಆಗ ಮೊದಲ ಸಲ ಆಕೆಯ ಕಣ್ಣು ತುಂಬಿದ್ದನ್ನು ಕಂಡೆ. ಕೆಂಪಮ್ಮ ತನ್ನ ಸೆರಗಿನ ತುದಿ ಕೊಟ್ಟಳು. ಆಕೆ ಒರೆಸಿಕೊಂಡು ನೋಡಿದರೆ ಸೆರಗೂ ಹಸಿರು. ಎಲ್ಲರಿಗೂ ನಗು ತಡೆಯಲಾಗಲಿಲ್ಲ.

ಮರಳಿ ಅಂಗಡಿಗೆ

ಬಂದ ವಾರವೇ ಪಿರಿಯಾಪಟ್ಟಣದ ಸಂತೆಯಲ್ಲಿ ಇನ್ನೊಂದು ಕಡಾಯಿ ಕೊಂಡೆ. ಅದಕ್ಕೆ ಸೊಪ್ಪು ಹಾಕುವುದಿಲ್ಲ. ಕೆಂಪಮ್ಮ ಅದನ್ನು ನನ್ನ ಕೈಗೆ ಕೊಡುವುದೂ ಇಲ್ಲ, ತಾನೇ ಕಾಯಿಸುತ್ತಾಳೆ. ರಾವಂದೂರಿನ ಒಬ್ಬ ರಿಟೈರ್ಡ್ ಮೇಷ್ಟ್ರು ಬಿಳಿತಲೆಗೆ ಅದರ ಎಣ್ಣೆಯನ್ನೇ ಹಚ್ಚಿಕೊಂಡು ಹೋದರು. ನಾನೇ ಹೇಳಿ ಕೊಡಿಸಿದೆ.

ಈಗ ನನಗಿರುವುದು ಇಷ್ಟು: ಹೆಂಚಿನ ಮನೆ ಒಂದು, ಅಂಗಡಿ ಒಂದು, ಹಸು ಎರಡು, ಕಡಾಯಿ ಎರಡು, ಎಣ್ಣೆ ಎರಡು ಬಗೆ, ಹೆಂಡತಿ ಒಬ್ಬಳು, ಜರ್ಮನಿಯಲ್ಲಿ ರೆನಾಟೆಯವರದೂ ಸೇರಿ ಹನ್ನೆರಡು ತಲೆ.